ಮುತ್ಯಾಲಮ್ಮ ಬರೆದ ಗಂಗಮ್ಮ

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿದ್ದ ಚಿಂತಮಾನುಪಲ್ಲಿಯ ಶಾಲೆಯಲ್ಲಿ ಮುತ್ಯಾಲಮ್ಮ ನಾಲ್ಕು ವರ್ಷ ಓದಿದಳು. ನಾಲ್ಕು ವರ್ಷವೂ ಜಗಲಿಯ ಮೇಲೆ ಕುಳಿತು, ಕಿಟಕಿಯ ಸರಳುಗಳ ಸಂದಿಯಿಂದ ಓದಿದಳು. ಅವಳು ಊರಾಚೆಯ ಕೇರಿಯವಳು. ಎಲ್ಲ ಜಾತಿಯ ಮಕ್ಕಳನ್ನೂ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಸರ್ಕಾರ ಹುಕುಂ ಮಾಡಿತ್ತು. ಹಾಗಂತ ಒಳಗೆ ಕೂರಿಸಿಕೊಳ್ಳಲು ಊರು ಒಪ್ಪಿರಲಿಲ್ಲ. ತಂದೆ ತಾಯಿ ಪ್ಲೇಗಿನಲ್ಲಿ ಹೋಗಿದ್ದರು. ಅಜ್ಜಿ ದೊಡ್ಡಮುನಿಯಮ್ಮ ಊರಿನ ಕಣಗಳನ್ನು ಗುಡಿಸಿ, ಉಳಿದ ಕಾಳು ತಂದು ಮೊಮ್ಮಗಳನ್ನು ಸಾಕಿದ್ದಳು.

ಶಾಲೆಗೆ ಇದ್ದವರು ಒಬ್ಬರೇ ಮೇಷ್ಟ್ರು, ಕೋದಂಡರಾಮಪ್ಪ. ಕೆಟ್ಟ ಮನುಷ್ಯರೇನಲ್ಲ. ಹುಡುಗಿ ಜಗಲಿಯ ಕಲ್ಲಿನ ಮೇಲೆ ಇದ್ದಿಲಿನಿಂದ ಕೋಳಿ, ಕರು ಬರೆಯುವುದನ್ನು ನೋಡಿ, ಒಮ್ಮೆ ಕಿಟಕಿಯಿಂದ ಒಂದು ತುಂಡು ಪೆನ್ಸಿಲು ಕೆಳಗೆ ಹಾಕಿದ್ದರು. ಅವರಿಗೆ ಪದ್ಯ ಕಟ್ಟುವ ಹುಚ್ಚಿತ್ತು. ೧೯೩೮ರಲ್ಲಿ, ಶಿವರಾತ್ರಿ ಕಳೆದ ಮೇಲೆ, ಕೋಲಾರದಿಂದ ಇನ್ಸ್‌ಪೆಕ್ಟರು ಬರುತ್ತಾರೆಂದು ಕಾಗದ ಬಂತು. ಮೇಷ್ಟ್ರು ತಾವೇ ಬರೆದ ‘ಗಂಗಮ್ಮ’ ಎಂಬ ಪದ್ಯವನ್ನು ಮಕ್ಕಳಿಗೆ ರಾಗವಾಗಿ ಓದಿದರು. ನೀರು ತಾಯಿ, ಅವಳು ಯಾರ ಮನೆಯ ಮಗು ಎಂದು ಕೇಳುವುದಿಲ್ಲ, ಚಾಚಿದ ಬೊಗಸೆಯನ್ನೆಲ್ಲ ತುಂಬುತ್ತಾಳೆ ಎಂಬುದು ಅದರ ಅರ್ಥ.

“ಪದ್ಯ ಕೇಳಿದಾಗ ಕಣ್ಣಿಗೆ ಏನು ಕಾಣ್ತೋ ಅದನ್ನ ಬರೀರಿ. ಸಾಹೇಬ್ರು ಬಂದಾಗ ಗೋಡೆಗೆ ಹಾಕೋಣ” ಎಂದರು.

ಒಳಗಿನ ಮಕ್ಕಳು ಅರಿಶಿನ, ಕೆಮ್ಮಣ್ಣು, ಸೊಪ್ಪಿನ ರಸ ಹಚ್ಚಿ ಬರೆದರು. ಮೊಸಳೆಯ ಮೇಲೆ ಕೂತ ದೇವಿ, ತಾವರೆ ಅರಳಿದ ಕೆರೆ, ಶಿವನ ಜಡೆಯಿಂದ ಚಿಮ್ಮುವ ಗಂಗೆ. ಮುತ್ಯಾಲಮ್ಮ ಇದ್ದಿಲು, ಸುಣ್ಣಗಳಲ್ಲೇ ಬರೆದಳು. ಕಾಗದದ ಕೆಳಗೆ ಎರಡು ಪುಟ್ಟ ಕೈಗಳ ಬೊಗಸೆ. ಮೇಲಿನಿಂದ ಇಳಿದ ಒಂದು ತೋಳು, ತೋಳಿನಲ್ಲಿ ಬಳೆ, ಮಣಿಕಟ್ಟಿನ ಹತ್ತಿರ ಚೇಳಿನ ಹಚ್ಚೆ, ಬಗ್ಗಿಸಿದ ಕೊಡ. ನೀರು ಅರ್ಧ ಬೊಗಸೆಗೆ, ಅರ್ಧ ನೆಲಕ್ಕೆ. ಅದರ ಮೇಲೆ ಕಾಗದ ಖಾಲಿ.

ಚೇಳಿನ ಹಚ್ಚೆ ಊರಿನಲ್ಲಿ ಇದ್ದದ್ದು ಪಟೇಲ ಚನ್ನರಾಯಪ್ಪನ ಹೆಂಡತಿ ವೆಂಕಟರತ್ನಮ್ಮನ ಕೈಯಲ್ಲಿ ಮಾತ್ರ. ಕೇರಿಯವರು ಬಾವಿ ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಅವಳೋ ಅವಳ ಸೊಸೆಯೋ ಮನಸ್ಸು ಬಂದಾಗ ದೂರದಿಂದ ನೀರು ಹುಯ್ಯುತ್ತಿದ್ದರು. ಕೋದಂಡರಾಮಪ್ಪನವರಿಗೆ ಹಚ್ಚೆ ಕಂಡಿತು. ಆದರೂ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ, ತಮ್ಮ ಶಿಷ್ಯೆ ಬರೆದದ್ದೆಂದು ತೋರಿಸಿಕೊಳ್ಳುವ ಆಸೆಗೆ ಬಿದ್ದು ಗೋಡೆಗೆ ಹಾಕಿಸಿದರು.

ಇನ್ಸ್‌ಪೆಕ್ಟರು ಬಂದು ಅದೊಂದರ ಮುಂದೆಯೇ ನಿಂತರು. ಜೊತೆಗೆ ಪಟೇಲನೂ ಊರಿನ ನಾಲ್ಕು ಜನರೂ ಇದ್ದರು. ಬರೆದವಳನ್ನು ಬಾಗಿಲಿಗೆ ಕರೆಸಿದರು.

“ಮುಖ ಯಾಕಮ್ಮ ಬರೀಲಿಲ್ಲ?”

“ನಾನು ನೋಡಿಲ್ಲ ಸ್ವಾಮಿ. ತಲೆ ಎತ್ತಿದ್ರೆ ನೀರು ಹುಯ್ಯಲ್ಲ.”

ಇನ್ಸ್‌ಪೆಕ್ಟರು ಪಟೇಲನ ಕಡೆ ತಿರುಗಿದರು. “ನಿಮ್ಮೂರ ಬಾವಿ ತೋಡಿಸಿದ್ದು ಸರ್ಕಾರದ ದುಡ್ಡಲ್ಲಿ ಅಲ್ವೇನ್ರೀ? ನಾನು ಮೇಲಕ್ಕೆ ಬರೆದ್ರೆ ನಿಮ್ಮ ಪಟೇಲಿಕೆ ಉಳಿಯುತ್ತೇನು?”

ಊರಿನವರ ಮುಂದೆ ಚನ್ನರಾಯಪ್ಪ ಕೈಕಟ್ಟಿ ನಿಲ್ಲಬೇಕಾಯಿತು. ಇನ್ಸ್‌ಪೆಕ್ಟರು ಹುಡುಗಿಗೆ ಒಂದು ಬಣ್ಣದ ಪೆಟ್ಟಿಗೆ ಬಹುಮಾನ ಕೊಟ್ಟು, ಮಧ್ಯಾಹ್ನದ ಊಟ ಮುಗಿಸಿ ಜಟಕಾ ಹತ್ತಿ ಹೋದರು. ಮತ್ತೆ ಬರಲಿಲ್ಲ. ಮೇಲಕ್ಕೆ ಏನನ್ನೂ ಬರೆಯಲೂ ಇಲ್ಲ.

ಮರುದಿನ ಬಾವಿಯ ಹತ್ತಿರ ಕೇರಿಯ ಹೆಂಗಸರು ಬಿಸಿಲೇರುವವರೆಗೆ ಕಾದರು. ಯಾರೂ ಹುಯ್ಯಲಿಲ್ಲ. ವೆಂಕಟರತ್ನಮ್ಮ ತನ್ನ ಕೊಡ ತುಂಬಿಕೊಂಡು ಹೋಗುತ್ತಾ, “ಕೈ ಬರ್ಕೊಂಡಿದ್ದಾಳಲ್ಲ, ಆ ಕಾಗದಾನೇ ಹಿಂಡ್ಕೊಂಡು ಕುಡೀರಿ” ಎಂದಳು. ತಾವೇ ಸೇದೋಣವೆಂದು ಹೋದ ಇಬ್ಬರು ಗಂಡಸರನ್ನು ಪಟೇಲನ ಆಳುಗಳು ಹುಣಸೆ ಬರಲಿನಿಂದ ಹೊಡೆದು ಅಟ್ಟಿದರು. ಕೆರೆಯ ಮೂಲೆಯಲ್ಲಿ ಎಮ್ಮೆಗಳು ಹೊರಳುವ ಬಗ್ಗಡ ಉಳಿದಿತ್ತು. ಕೇರಿಯವರು ಅದನ್ನೇ ಬಟ್ಟೆಯಲ್ಲಿ ಸೋಸಿ ಕುಡಿದರು.

ಮೂರನೆಯ ದಿನ ಕೇರಿಯ ಭಾರತಮ್ಮನ ಮಗ, ಒಂದೂವರೆ ವರ್ಷದ ಮುನಿರಾಮ, ವಾಂತಿ ಭೇದಿಯಾಗಿ ಸತ್ತ. ಮುತ್ಯಾಲಮ್ಮ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ನೋಡಲು ಹೋದಾಗ ಭಾರತಮ್ಮ ಅವಳ ಜುಟ್ಟು ಹಿಡಿದು ಅಂಗಳಕ್ಕೆ ಎಳೆದಳು.

“ಬರಿಯೇ ಈಗ! ನನ್ ಮಗೀನ ಮುಖ ನೋಡಿದೀಯಲ್ಲ, ಬರಿ!”

ಯಾರೂ ಬಿಡಿಸಲಿಲ್ಲ. ಅಜ್ಜಿಯೂ ಬಿಡಿಸಲಿಲ್ಲ.

ಮಗುವನ್ನು ಮಣ್ಣು ಮಾಡಿದ ಸಂಜೆ ದೊಡ್ಡಮುನಿಯಮ್ಮ ಪಟೇಲನ ಮನೆಯ ಮುಂದೆ ಅಡ್ಡಬಿದ್ದಳು. “ತಪ್ಪಾಯ್ತು ದೊರೆ. ಏನ್ ಹೇಳ್ತೀರೋ ಹಂಗೇ ಮಾಡ್ತೀವಿ.” ಚನ್ನರಾಯಪ್ಪ ಅವಳನ್ನು ಅಲ್ಲೇ ಬಹಳ ಹೊತ್ತು ಬಿಟ್ಟು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಮಲಗಿದ. ಬೆಳಿಗ್ಗೆ ಆಳಿನ ಕೈಲಿ ಹೇಳಿಕಳಿಸಿದ: ಹುಡುಗಿ ಸುಳ್ಳು ಚಿತ್ರ ಬರೆದೆ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು, ತನ್ನ ಕೈಯಿಂದಲೇ ಅದಕ್ಕೆ ಸಗಣಿ ಬಳಿಯಬೇಕು.

ಶಾಲೆಯ ಅಂಗಳದಲ್ಲಿ ಊರು ನೆರೆಯಿತು. ಕೋದಂಡರಾಮಪ್ಪನವರೇ ಒಳಗಿನಿಂದ ಚಿತ್ರ ತಂದು ನೆಲಕ್ಕಿಟ್ಟು ಹಿಂದೆ ಸರಿದರು. ಹುಡುಗಿ ಅವರ ಮುಖವನ್ನೇ ನೋಡಿದಳು.

“ಬಳಿದ್ಬಿಡು ಮುತ್ಯಾಲಿ” ಎಂದರು ಮೇಷ್ಟ್ರು. “ಒಂದು ಕಾಗದ ತಾನೆ.”

“ನಾ ಬರೆದಿದ್ದು ಸುಳ್ಳಾ ಮೇಷ್ಟ್ರೆ?”

ಅವರು ಪಟೇಲನ ಕಡೆ ಒಮ್ಮೆ ನೋಡಿ, “ಸುಳ್ಳು ಕಣಮ್ಮ” ಎಂದರು.

ಅವಳು ಬಳಿದಳು. ಚೇಳಿನ ಹಚ್ಚೆ ಇನ್ನೂ ಕಾಣುತ್ತಿದೆಯೆಂದು ವೆಂಕಟರತ್ನಮ್ಮ ಇನ್ನೊಮ್ಮೆ ಬಳಿಸಿದಳು. ಬಣ್ಣದ ಪೆಟ್ಟಿಗೆಯನ್ನು ಒಲೆಗೆ ಹಾಕಿಸಿದರು. ಮಧ್ಯಾಹ್ನ ಕೇರಿಗೆ ನೀರು ಹುಯ್ದರು. ಹನ್ನೊಂದು ವರ್ಷದ ಹುಡುಗಿ ಅಂದಿನಿಂದ ಶಾಲೆಯ ಜಗಲಿ ಹತ್ತಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಸ್ವಇಚ್ಛೆಯಿಂದ ಬಿಟ್ಟಿದ್ದಾಳೆ’ ಎಂದು ಮೇಷ್ಟ್ರು ಬರೆದರು.

ಕೇರಿಯಲ್ಲಿ ಅವಳೊಂದಿಗೆ ಮಾತಾಡುವವರು ಕಡಿಮೆಯಾದರು. ಭಾರತಮ್ಮ ಎದುರು ಬಂದರೆ ಉಗಿದು ದಾಟುತ್ತಿದ್ದಳು. ಎರಡು ವರ್ಷದ ಮೇಲೆ ಒಂದು ದಿನ ಮುತ್ಯಾಲಮ್ಮ ಧೈರ್ಯ ಮಾಡಿ ಅವಳ ಸೌದೆ ಹೊರೆಗೆ ಕೈ ಕೊಡಲು ಹೋದಳು. ಭಾರತಮ್ಮ ಹೊರೆಯನ್ನು ಅಲ್ಲೇ ಕೆಡವಿ ಬರಿಗೈಲಿ ಮನೆಗೆ ಹೋದಳು. ಹದಿನಾಲ್ಕಕ್ಕೆ ಅಜ್ಜಿ ಅವಳನ್ನು ಬೈರಕೂರಿನ ಒಬ್ಬ ಮಾವಿನ ತೋಪಿನ ಕಾವಲಿನವನಿಗೆ ಕೊಟ್ಟಳು. ಅವನಿಗೆ ಮೂವತ್ತು ದಾಟಿತ್ತು, ಕುಡಿತವಿತ್ತು. ಮುತ್ಯಾಲಮ್ಮ ತೋಪಿನಲ್ಲಿ ದುಡಿದಳು, ಹುಣಸೆ ಕುಟ್ಟಿದಳು, ಇಬ್ಬರು ಮಕ್ಕಳನ್ನು ಹೆತ್ತಳು.

೧೯೪೬ರ ಬೇಸಿಗೆಯಲ್ಲಿ ಅವಳು ಮುಳಬಾಗಿಲಿನ ಸಂತೆಯಲ್ಲಿ ಹುಣಸೆಹಣ್ಣು ಹರಡಿಕೊಂಡು ಕೂತಿದ್ದಳು. ಬಿಳಿ ಪೇಟದ ಒಬ್ಬರು ಬಂದು ನಿಂತರು. ಕೋದಂಡರಾಮಪ್ಪ. ಈಗ ದೊಡ್ಡ ಶಾಲೆಯೊಂದರ ಹೆಡ್‌ಮಾಸ್ಟರು.

“ಮುತ್ಯಾಲಿ ಅಲ್ವೇನೇ? ನಿನ್ನನ್ನ ಮರೆತಿಲ್ಲ ಕಣೇ. ಪ್ರತಿ ವರ್ಷ ಪದ್ಯ ಪಾಠ ಮಾಡುವಾಗ ನಿನ್ನ ಚಿತ್ರದ ಕಥೆ ಹೇಳ್ತೀನಿ. ಒಂದು ಪದ್ಯ ಮಕ್ಕಳ ಮನಸ್ಸಲ್ಲಿ ಹೆಂಗೆ ಬೆಳೆಯುತ್ತೆ ಅನ್ನೋದಕ್ಕೆ. ಇನ್ಸ್‌ಪೆಕ್ಟರು ಬಹುಮಾನ ಕೊಟ್ಟಿದ್ದು, ಎಲ್ಲಾ.”

“ಮುನಿರಾಮನ ಸಂಗತೀನೂ ಹೇಳ್ತೀರಾ?”

“ಯಾವ ಮುನಿರಾಮ?”

“ಭಾರತಮ್ಮನ ಮಗ. ಬಗ್ಗಡ ಕುಡಿದು ಸತ್ತೋಯ್ತಲ್ಲ.”

ಮೇಷ್ಟ್ರು ಪೇಟ ಸರಿಮಾಡಿಕೊಂಡರು. “ಮಕ್ಕಳ ಮುಂದೆ ಅದೆಲ್ಲ ಯಾಕಮ್ಮ. ಪದ್ಯಕ್ಕೂ ಅದಕ್ಕೂ ಸಂಬಂಧ ಇಲ್ವಲ್ಲ.” ಆಮೇಲೆ, ಹೊಸ ಹುಣಸೆಯೋ ಹಳೆಯದೋ ಎಂದು ಕೇಳಿದರು.

“ಹಳೇದು ಸ್ವಾಮಿ. ಕಪ್ಪಾಗೈತೆ. ನಿಮಗೆ ಬ್ಯಾಡ” ಎಂದಳು ಮುತ್ಯಾಲಮ್ಮ.

ಅವರು ಪಕ್ಕದ ಅಂಗಡಿಗೆ ಹೋದರು. ಅವಳ ಹಣ್ಣು ಆ ವರ್ಷದ್ದೇ, ಹೊಸದು. ಹೊತ್ತಿಳಿಯುವ ಮೊದಲೇ ಎಲ್ಲ ಮಾರಿಹೋಯಿತು. ಅವಳು ಗೋಣಿ ಮಡಿಸಿಕೊಂಡು, ಚಿಕ್ಕ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಬೈರಕೂರಿನ ದಾರಿ ಹಿಡಿದಳು.