ಗೋಂದಕ್ಕ ಬಿಚ್ಚಿ ಹೊಲಿದ ತಮ್ಮ

ಬೆಳಗಿನ ಆರು ಗಂಟೆ. ಮಕ್ಕಳ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಗೋಂದಕ್ಕ ಒಂದು ನೀಲಿ ಪುಸ್ತಕದ ಬೆನ್ನು ಸೀಳುತ್ತಿದ್ದಾರೆ. ಸ್ಟೌ ಮೇಲೆ ಹಿಟ್ಟಿನ ಅಂಟು ಬುಳುಬುಳು ಕುದಿಯುತ್ತಿದೆ. ಹತ್ತು ಗಂಟೆಗೆ ರದ್ದಿ ಗಾಡಿ ಬರುತ್ತದೆ. ರದ್ದಿ ಪಟ್ಟಿಯಲ್ಲಿ ಈ ಪುಸ್ತಕವೂ ಇದೆ.

"ತಪ್ಪು ನಂದೇ," ಎನ್ನುತ್ತಾರೆ ತಲೆ ಎತ್ತದೆ. "ಹನ್ನೊಂದು ವರ್ಷದ ಹಿಂದೆ ನಾನೇ ಹೊಲಿದಿದ್ದು."

ಹರಿದ ಪುಸ್ತಕ ಹೊಲಿಯುವ ಈ ಕೆಲಸಕ್ಕೆ ಹತ್ತೊಂಬತ್ತು ವರ್ಷ. ದಿನಕ್ಕೆ ಹದಿನಾಲ್ಕು ಪುಸ್ತಕ. ಸೂಜಿ ಚುಚ್ಚಿ ಚುಚ್ಚಿ ಹೆಬ್ಬೆರಳು ಚಪ್ಪಲಿಯ ಅಟ್ಟೆಯಂತಾಗಿದೆ. ವಾರ್ಷಿಕ ವರದಿಯಲ್ಲಿ ಫ್ಯಾನು ಎಷ್ಟು, ಕುರ್ಚಿ ಎಷ್ಟು ಎಂದು ಬರೆಯುತ್ತಾರೆ. ಇವರ ಹೆಸರು ಬರೆಯಲು ಮಾತ್ರ ಶಾಯಿ ಸಾಲುವುದಿಲ್ಲ.

ನೀಲಿ ಪುಸ್ತಕ ಒಂದು ಸಾಹಸ ಕಾದಂಬರಿ. ಕಳೆದುಹೋದ ಅಪ್ಪನನ್ನು ಹುಡುಕುತ್ತ ಅಕ್ಕ, ತಮ್ಮ ಗುಹೆಗೆ ಇಳಿಯುತ್ತಾರೆ. ಅಪ್ಪ ನಕ್ಷೆಯನ್ನು ಅಕ್ಕನಿಗೆ ಕೊಟ್ಟನೆಂದು ತಮ್ಮನಿಗೆ ಹೊಟ್ಟೆಕಿಚ್ಚು. ಇದ್ದೊಂದು ಹಗ್ಗ ಕದ್ದು ಓಡುತ್ತಾನೆ. ಮುಂದೆ ಕಂದರಕ್ಕೆ ಜಾರಿದಾಗ ಅಕ್ಕನೇ ಎಳೆದು ಉಳಿಸುತ್ತಾಳೆ.

ಗೋಂದಕ್ಕನ ಹೊಲಿಗೆಯಲ್ಲಿ ಉಳಿಸುವ ಹದಿನಾರು ಪುಟ ಮೊದಲು, ಕದಿಯುವ ಹದಿನಾರು ಪುಟ ಆಮೇಲೆ ಬಂದುಬಿಟ್ಟಿತ್ತು. ಪುಟಸಂಖ್ಯೆಯಿದ್ದ ಮೂಲೆಗಳನ್ನು ಮಕ್ಕಳ ಬೆರಳುಗಳು ಎಂದೋ ಸವೆಸಿ ಮುಗಿಸಿದ್ದವು. ಹೀಗಾಗಿ ಆ ತಮ್ಮ ಹನ್ನೊಂದು ವರ್ಷ ಉಂಡ ಮನೆಯ ಜಂತೆ ಎಣಿಸಿದವನಾಗಿ ಉಳಿದ.

ಕಳೆದ ವಾರ ಒಬ್ಬ ಹುಡುಗಿ ಪುಸ್ತಕ ಹಿಂತಿರುಗಿಸಿ ತನ್ನ ತಮ್ಮನತ್ತ ತಿರುಗಿದಳಂತೆ: "ಕಾಪಾಡಿದ ಮೇಲೂ ಕದ್ದ. ತಮ್ಮಂದಿರೆಲ್ಲ ಇಷ್ಟೇ. ಇನ್ಮೇಲೆ ನಿನ್ ಜೊತೆ ಟೂ!"

"ನಾನೇನು ಕದ್ದೆನೇ ಅಕ್ಕಾ?" ಎಂದು ಅವನ ಅಳುಮೋರೆ.

"ಆ ಮಾತು ನನ್ ಕಿವಿಗೆ ಬಿತ್ತು," ಎನ್ನುತ್ತಾರೆ ಗೋಂದಕ್ಕ. "ಕೂತು ಓದಿದೆ. ಎಳೆಯೋವಾಗ ಹುಡುಗನ ಮಂಡಿ ಒಡೆದು ರಕ್ತ. ಆಮೇಲೆ ಹಗ್ಗ ಕದಿಯೋವಾಗ ಜಿಂಕೆ ಥರ ಓಡ್ತಾನೆ! ಅದು ಹೆಂಗಾಗತ್ತೆ?"

ಗ್ರಂಥಾಲಯದ ಅಧಿಕಾರಿಯ ಬಳಿ ಹೋಗಿ ತಪ್ಪೊಪ್ಪಿಕೊಂಡರು. ಸಿಕ್ಕ ಬಹುಮಾನ? ಅಧಿಕಾರಿ ಪುಸ್ತಕವನ್ನೇ ರದ್ದಿಗೆ ಬರೆದರು. ಹನ್ನೊಂದು ವರ್ಷ ಒಮ್ಮೆಯೂ ಅದನ್ನು ತೆರೆಯದ ಪುಣ್ಯಾತ್ಮರಿಗೆ ಅದನ್ನು ಕೊಲ್ಲಲು ಒಂದು ಗೆರೆ ಸಾಕಾಯಿತು. ಆದರೆ ನಿಯಮ ಗೋಂದಕ್ಕನಿಗೂ ಗೊತ್ತು: ಮಕ್ಕಳು ಎರವಲು ಒಯ್ದ ಪುಸ್ತಕ ಗಾಡಿ ಹತ್ತುವಂತಿಲ್ಲ.

ಒಂಬತ್ತೂವರೆ. ಹೊಲಿಗೆ ಮುಗಿದಿದೆ. ಕಳೆದ ವಾರದ ಅದೇ ಅಕ್ಕ, ತಮ್ಮ ಬಂದು ಬೆಂಚಿನ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂರುತ್ತಾರೆ. ಗೋಂದಕ್ಕ ಪುಸ್ತಕವನ್ನು ಹುಡುಗಿಯ ತೊಡೆಯ ಮೇಲಿಡುತ್ತಾರೆ.

"ಅಂಟು ಹಸಿ ಇದೆ, ಹುಷಾರು. ಪುಟ ಹಿಂದೆಮುಂದೆ ಮಾಡಿದೋಳು ನಾನು. ಈಗ ಓದು."

ಹುಡುಗಿ ಓದುತ್ತಾಳೆ. "ಕದ್ದಿದ್ದು ಮುಂಚೇನಾ?"

"ಹೂಂ ಕಂದಾ. ಕದ್ದಿದ್ದು ಗೊತ್ತಿದ್ದೂ ಅವಳು ಕೈ ಚಾಚಿದ್ದು."

"ಆಮೇಲೆ ಕದೀಲಿಲ್ವಾ?"

"ಒಂದ್ಸಲಾನೂ ಇಲ್ಲ."

ಹುಡುಗಿ ತಮ್ಮನತ್ತ ತಿರುಗುತ್ತಾಳೆ. "ಬಾರೋ. ಪುಟ ಮಾತ್ರ ನಾನೇ ತಿರುಗ್ಸೋದು."

ಗೋಂದಕ್ಕ ಎರವಲು ಚೀಟಿಗೆ ಮುದ್ರೆ ಒತ್ತಿಸುತ್ತಾರೆ. ಹತ್ತಕ್ಕೆ ಬಂದ ಗಾಡಿ ಒಂದು ಪುಸ್ತಕ ಕಡಿಮೆ ಹೊತ್ತು ಹೋಗುತ್ತದೆ.

ಈ ಹೊಲಿಗೆ ಎಷ್ಟು ದಿನ ಬಾಳಬಹುದು ಎಂದು ಕೇಳಿದರೆ ಗೋಂದಕ್ಕ ಅಂಟಿನ ಬೆರಳು ಒರೆಸಿಕೊಳ್ಳುತ್ತ ನಗುತ್ತಾರೆ.

"ಇನ್ನೊಂದು ಹನ್ನೊಂದು ವರ್ಷ ತಡೀಲಿ. ಆಮೇಲೆ ಹರಿದ್ರೆ ಹರೀಲಿ ಬಿಡಿ. ಓದೋರು ಇದ್ರೆ ತಾನೇ ಹರಿಯೋದು?"