ಮಗಳ ಸೈಕಲ್ಲಿನ ಗಾಳಿ

ನಮ್ಮ ಓಣಿಗೆ ಹಾಲು ತರುತ್ತಿದ್ದ ಆತ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಾಲು ಅಳೆಯುವ ನಡುವೆಯೂ ಯಾರದೇ ಸೈಕಲ್ ಕಂಡರೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ, "ಗಾಲಿ ಕಲ್ಲಿನಂಗ ಇರಬೇಕ್ರಿ" ಎನ್ನುತ್ತಿದ್ದ. ಎರಡು ಕ್ಯಾನು ಹೊರುವ ಆತನ ಸೈಕಲ್ಲಿಗೆ ಅದು ಸರಿಯೇ ಇತ್ತು.

ಆತನ ಮಗಳದು ದಪ್ಪ ಟೈರಿನ ಸೈಕಲ್. ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆಂದು ಗೊಳಸಂಗಿಯ ಹತ್ತಿರ ಗರಸಿನ, ಅಂದರೆ ಸಣ್ಣ ಕಲ್ಲು ಹರಡಿದ ದಾರಿಯಲ್ಲಿ ಸ್ಪರ್ಧೆ ಇತ್ತು. ನಾನೂ ಹೋಗಿದ್ದೆ. ಅವಳು ನಂಬರು ಕಟ್ಟಿಸಿಕೊಂಡು ಬರುವಷ್ಟರಲ್ಲಿ ಅಪ್ಪ ಎರಡೂ ಗಾಲಿಗೆ ಗಾಳಿ ತುಂಬಿಬಿಟ್ಟಿದ್ದ. ಅವಳು ಒತ್ತಿ ನೋಡಿ, ಕೂತು ಗಾಳಿ ಬಿಡತೊಡಗಿದಳು.

"ಯಾಕವ್ವಾ, ಪಂಚರ್ ಆದೀತು."

"ಇಷ್ಟು ಗಟ್ಟಿ ಇದ್ರ ಗರಸಿನ್ಯಾಗ ಪುಟದು ಜಾರತೈತಪ್ಪಾ. ನಾ ಏನ್ ಹಾಲಿನ ಕ್ಯಾನೇನು?"

ಸುತ್ತಲಿನವರು ನಕ್ಕರು. ಆತನೂ ನಕ್ಕನೇ? ಹಾಗೆಂದು ಬರೆಯಲು ಧೈರ್ಯವಿಲ್ಲ. ಅವಳು ಮುಗಿಸಿ ಬರುವವರೆಗೂ ಅತ್ತಿಂದಿತ್ತ ನಡೆಯುತ್ತಲೇ ಇದ್ದ.

ಅವಳು ಆಯ್ಕೆಯಾದಳು. ಎಲ್ಲರೂ ಕೈ ಕುಲುಕುತ್ತಿದ್ದರೆ ಆತ ಮಗಳನ್ನು ಕೇಳಿದ್ದು ಒಂದೇ ಮಾತು: "ಹಾಸ್ಟೆಲಿನ್ಯಾಗ ಗಾಳಿ ಯಾರ್ ಹಾಕ್ತಾರ?"

"ನಾನ ಹಾಕ್ಕೋತೇನಿ."

ನಿಂತಲ್ಲಿ ನಿಲ್ಲದ ಆತ ದಾರಿಯ ಬದಿಗೆ ಕೂತುಬಿಟ್ಟ. ಕಾಲು ಸೋತಿದ್ದಿರಬಹುದು. ನನಗೆ ಆಗ ಹಾಗನ್ನಿಸಲಿಲ್ಲ.