ಒಂಬತ್ತು ಗೆಲುವಿನ ಲೆಮ್ ಸ್ಟ್ರೋಡ್

ಲೆಮ್ ಸ್ಟ್ರೋಡ್ ಎಸೆದ ಚೆಂಡನ್ನು ಆರು ವರ್ಷ ಹಿಡಿದವನು ನಾನು. ಬೇಸ್‌ಬಾಲ್ ಆಟದಲ್ಲಿ ಅವನು ಚೆಂಡೆಸೆಯುವ ಪಿಚರ್, ನಾನು ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂರುವ ಕ್ಯಾಚರ್. ಅವನಿಗೆ ನನ್ನಷ್ಟು ಹತ್ತಿರದವರು ಬೇರೆ ಯಾರೂ ಇರಲಿಲ್ಲ. ಆದ್ದರಿಂದಲೇ ಈ ಕತೆ ಹೇಳಲು ನಾಚಿಕೆಯಾಗುತ್ತದೆ.

ಲೆಮ್ ಹದಿನಾಲ್ಕನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವನು. ಅವನಪ್ಪ ಅಲ್ಲೇ, ಅವನ ಪಕ್ಕದಲ್ಲೇ, ಬಂಡೆ ಬಿದ್ದು ಸತ್ತ. ಇಪ್ಪತ್ತೊಂದಕ್ಕೆ ನಮ್ಮ ಬ್ಲ್ಯಾಕ್ ಫೋರ್ಕ್ ತಂಡಕ್ಕೆ ಸೇರಿದ ಮೇಲೆ ಅವನಿಗಿದ್ದದ್ದು ಒಂದೇ ಆಸೆ, ಮತ್ತೆ ಆ ಗುಂಡಿಗೆ ಇಳಿಯಬಾರದು.

ತಂಡದಲ್ಲಿ ಅವನ ಕೆಲಸ ಹೆದರಿಸುವುದು. ಎದುರಾಳಿಗಳು ನಮ್ಮವನೊಬ್ಬನಿಗೆ ಬೇಕೆಂದೇ ಚೆಂಡಿನಲ್ಲಿ ಹೊಡೆದರೆ, ಅವರವನೊಬ್ಬ ನೆಲಕ್ಕೆ ಬೀಳಬೇಕು. ಯಾವ ಪುಸ್ತಕದಲ್ಲೂ ಬರೆದಿರದ ಈ ಕಾನೂನನ್ನು ಎಲ್ಲರೂ ಪಾಲಿಸುತ್ತಿದ್ದರು. ಬೆಂಚಿನ ಮೇಲಿಂದ ಮಾಲೀಕ ಪೆಟಿಗ್ರೂ ಟೋಪಿ ಮುಟ್ಟಿದರೆ, ನಾನು ತೊಡೆಗಳ ನಡುವೆ ಕೈ ಮರೆಮಾಡಿ ಹೆಬ್ಬೆರಳು ಚಿಮ್ಮುತ್ತಿದ್ದೆ. ಲೆಮ್ ಹೊಡೆಯುತ್ತಿದ್ದ. ಪಕ್ಕೆಲುಬು, ಮೊಣಕೈ, ಒಮ್ಮೆ ಒಬ್ಬನ ದವಡೆ. ಮುರಿಯುವ ಸದ್ದು ಎಲ್ಲರಿಗಿಂತ ಮೊದಲು ನನಗೆ ಕೇಳಿಸುತ್ತಿತ್ತು. ಆಗ ಬ್ಯಾಟುಗಾರನ ತಲೆಗೆ ಬಟ್ಟೆಯ ಟೋಪಿ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ.

ಲೆಮ್ ಮಂಗಳವಾರ ಎಸೆದರೆ, ಬುಧವಾರ ಡ್ವೇನ್ ಕ್ರಾಬ್‌ಟ್ರೀ ಎಸೆಯುತ್ತಿದ್ದ. ಹಿಂದಿನ ದಿನ ಪೆಟ್ಟು ತಿಂದವರು ಇವನೆದುರು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಅವನ ಬೆಣ್ಣೆಯಂಥ ಚೆಂಡಿಗೂ ಬ್ಯಾಟು ತಾಗುತ್ತಿರಲಿಲ್ಲ. ಐವತ್ನಾಲ್ಕರ ಆಗಸ್ಟ್ ಕೊನೆಯ ಹೊತ್ತಿಗೆ ಕ್ರಾಬ್‌ಟ್ರೀ ತಾನೆಸೆದ ಆಟಗಳಲ್ಲಿ ಹದಿನೆಂಟು ಗೆದ್ದಿದ್ದ, ತಿಂಗಳಿಗೆ ಮುನ್ನೂರು ಡಾಲರ್. ಲೆಮ್ ಒಂಬತ್ತು ಗೆದ್ದು ಹದಿಮೂರು ಸೋತಿದ್ದ, ನೂರೆಪ್ಪತ್ತೈದು.

ಲೆಮ್ ಒಂದು ದಿನ ಪೆಟಿಗ್ರೂವಿನ ಅಂಗಡಿಗೇ ಹೋದ. ನನ್ನನ್ನೂ ಎಳೆದುಕೊಂಡು ಹೋದ.

"ಮಂಗಳವಾರ ನಾನು ಹೊಡೀತೀನಿ, ಬುಧವಾರ ಅವನು ಗೆಲ್ತಾನೆ. ದುಡ್ಡು ಮಾತ್ರ ಅವನಿಗೆ. ಇದ್ಯಾವ ನ್ಯಾಯ ಸ್ವಾಮಿ?"

ಪೆಟಿಗ್ರೂ ಮೊಳೆ ತೂಗುತ್ತಾ ತಲೆ ಎತ್ತದೆ ಹೇಳಿದ: "ಹೆದರಿಕೆಗೆ ಯಾವ ಕಾಲಂ ಇದೆಯೋ ಪೇಪರಿನಲ್ಲಿ? ಗೆಲುವಿಗಿದೆ, ಸೋಲಿಗಿದೆ. ಹತ್ತು ಗೆದ್ದು ತೋರ್ಸು, ಮುಂದಿನ ವರ್ಷ ಇನ್ನೂರೈವತ್ತು ಬರೆದುಕೊಡ್ತೀನಿ. ಒಂಬತ್ತಕ್ಕೇ ನಿಂತ್ಯೋ, ಗಣಿಯಲ್ಲಿ ಜಾಗ ಖಾಲಿ ಇದ್ಯಂತೆ."

ಲೆಮ್‌ಗೆ ಆ ವರ್ಷ ಉಳಿದಿದ್ದದ್ದು ಒಂದೇ ಆಟ, ಆ ಭಾನುವಾರ ಮಧ್ಯಾಹ್ನದ್ದು.

ಅಂಥ ಆಟವನ್ನು ಅವನು ಎಂದೂ ಆಡಿರಲಿಲ್ಲ. ಒಂಬತ್ತನೇ, ಅಂದರೆ ಕೊನೆಯ ಸರದಿಯಲ್ಲಿ ನಾವು ಎರಡು ರನ್, ಅವರು ಒಂದು. ಆದರೆ ಎಂಟನೆಯದರಲ್ಲಿ ಅವರ ಪಿಚರ್ ನಮ್ಮ ತಂಡದಲ್ಲೇ ಆಡುತ್ತಿದ್ದ ಕ್ರಾಬ್‌ಟ್ರೀಯ ತಮ್ಮನ ಪಕ್ಕೆಗೆ ಹೊಡೆದಿದ್ದ. ಈಗ ಅವರ ಇಬ್ಬರು ಓಟಗಾರರು ಕಾದು ನಿಂತಿದ್ದರು, ಇಬ್ಬರು ಔಟಾಗಿದ್ದರು. ಬ್ಯಾಟು ಹಿಡಿದು ಬಂದವನು ಟೆಡ್ ವೊಯ್ಚಿಕ್. ಮೂರನೆಯವನಾಗಿ ಇವನೊಬ್ಬನನ್ನು ಔಟ್ ಮಾಡಿದರೆ ಆಟ ನಮ್ಮದು; ಚೆಂಡಿನಲ್ಲಿ ಹೊಡೆದರೆ ಅವನು ಔಟಾಗದೆ ಮೂರನೇ ಓಟಗಾರನಾಗುತ್ತಿದ್ದ.

ಪೆಟಿಗ್ರೂ ಟೋಪಿ ಮುಟ್ಟಿದ.

ನಾನು ನಂಬಲಿಲ್ಲ. ಅವನು ಮತ್ತೆ ಮುಟ್ಟಿದ. ಸೇಡಿಗೆ ಮುಟ್ಟಿದನೋ, ಇನ್ನೂರೈವತ್ತು ಉಳಿಸಲು ಮುಟ್ಟಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೆಬ್ಬೆರಳು ಚಿಮ್ಮಿದೆ. ಆರು ವರ್ಷದಲ್ಲಿ ಮೊದಲ ಸಲ ಲೆಮ್ ಒಲ್ಲೆನೆಂದು ತಲೆ ಆಡಿಸಿದ. ನಾನು ಮತ್ತೆ ಚಿಮ್ಮಿದೆ. ಸುಮ್ಮನಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಚೆಂಡು ವೊಯ್ಚಿಕ್‌ನ ಕಿವಿಯ ಮೇಲೆ ಬಡಿಯಿತು. ಅವನು ನನ್ನ ಕಾಲ ಮೇಲೆಯೇ ಬಿದ್ದ. ಕಿವಿಯಿಂದ ರಕ್ತ ಬರುತ್ತಿತ್ತು, ಕಣ್ಣು ಒಂದು ಕಡೆಗೆ ಹೊರಳಿತ್ತು, ಹಿಮ್ಮಡಿಗಳು ಮಣ್ಣನ್ನು ತೋಡುತ್ತಿದ್ದವು. ಅಷ್ಟರಲ್ಲಿ ಎರಡೂ ಬೆಂಚುಗಳು ಖಾಲಿಯಾದವು. ಯಾರೋ ಶೂ ಮೊಳೆಗಳಿಂದ ನನ್ನ ತೊಡೆ ಸೀಳಿದರು. ನಾನು ಕ್ಯಾಚರ್ ಹಾಕುವ ಕಬ್ಬಿಣದ ಮುಖವಾಡವನ್ನೇ ಎತ್ತಿ ಒಬ್ಬನ ಬಾಯಿಗೆ ಬೀಸಿದೆ, ಅವನ ಹಲ್ಲು ಉದುರಿತು. ಲೆಮ್ ಮಾತ್ರ ಚೆಂಡೆಸೆಯುವ ದಿಬ್ಬದ ಮೇಲೆ ಕೈ ಇಳಿಬಿಟ್ಟು ನಿಂತಿದ್ದ. ಇಬ್ಬರು ಅವನ ಮುಖ ಜಜ್ಜುತ್ತಿದ್ದರೂ ಕೈ ಎತ್ತಲಿಲ್ಲ.

ಜಗಳ ಬಿಡಿಸಿದ ಮೇಲೆ ಅಂಪೈರು ಅವನನ್ನು ಹೊರಗೆ ಕಳಿಸದೆ ಮುಂದುವರಿಸಿದ. ಅವನ ಮುಂದಿನ ಚೆಂಡಿನಲ್ಲೇ ಅವರು ಎರಡು ರನ್ ಹೊಡೆದು ಆಟ ಗೆದ್ದರು.

ವೊಯ್ಚಿಕ್ ಬದುಕಿದ, ಒಂದು ಕಣ್ಣು ಹೋಯಿತು. ಮರುದಿನ ಬೆಳಿಗ್ಗೆ ಆಟದ ಒಕ್ಕೂಟದವರ ವಿಚಾರಣೆ. ಒಳಗೆ ಹೋಗುವ ಮೊದಲು ಪೆಟಿಗ್ರೂ ನನ್ನ ಹೆಗಲ ಮೇಲೆ ಕೈ ಹಾಕಿದ.

"ಮುಂದಿನ ವರ್ಷ ನಿಂಗೆ ಇಪ್ಪತ್ತು ಜಾಸ್ತಿ ಮಾಡೋಣ ಅಂತಿದೀನಿ ಕಣಯ್ಯ. ನೀನು ಹೊರಗಿನ ಚೆಂಡು ತಾನೇ ಕೇಳಿದ್ದು?"

"ಹೊರಗಿನ ಚೆಂಡು ಕೇಳಿದ್ದೆ," ಎಂದು ನಾನು ವಿಚಾರಣೆಯಲ್ಲಿ ಹೇಳಿದೆ, ಅಂದರೆ ಬ್ಯಾಟುಗಾರನಿಂದ ದೂರಕ್ಕೆ ಎಸೆಯಲು ಹೇಳಿದ್ದೆ, ಹೊಡೆದದ್ದು ಲೆಮ್ ತನ್ನಿಷ್ಟಕ್ಕೆ ಎಂದು. ಲೆಮ್‌ಗೆ ಇನ್ನು ಯಾವ ತಂಡದಲ್ಲೂ ಆಡದಂತೆ ನಿಷೇಧ ಹಾಕಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ನನಗಾಗಿ ಕಾದಿದ್ದ. ಊದಿದ ತುಟಿಯಲ್ಲೇ ಕೇಳಿದ.

"ಎಷ್ಟು ಕೊಟ್ಟ?"

"ತಿಂಗಳಿಗೆ ಇಪ್ಪತ್ತು."

"ಇಪ್ಪತ್ತಾ? ನನ್ನ ಕೇಳಿದ್ರೆ ನಾನೇ ನಲವತ್ತು ಕೊಡ್ತಿದ್ನಲ್ಲೋ, ಮುಂಡೇದೆ!"

ನನ್ನ ಬಲಗೈ ಹಿಡಿದು ಕಬ್ಬಿಣದ ಬೀರುವಿನ ಸಂದಿಗೆ ತುರುಕಿ, ಬಾಗಿಲನ್ನು ಕಾಲಿನಿಂದ ಒದ್ದ. ಹೆಬ್ಬೆರಳು ಎರಡು ಕಡೆ ಮುರಿಯಿತು. ನಾನು ಕಿರುಚಿದೆ, ಆದರೆ ಬಿಡಿಸಿಕೊಳ್ಳಲು ನೋಡಲಿಲ್ಲ. ಅದೇ ವಾರ ಲೆಮ್ ಗಣಿಗೆ ಇಳಿದ. ಮುಂದಿನ ಮಾರ್ಚ್ ತಿಂಗಳಲ್ಲಿ, ಅವನಪ್ಪನ ಹಾಗೆಯೇ, ಬಂಡೆಯ ಕೆಳಗೆ ಸತ್ತ. ನಾನು ಮಣ್ಣಿಗೆ ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

ಆ ಬೇಸಿಗೆಯಲ್ಲಿ ಕ್ರಾಬ್‌ಟ್ರೀಯ ಎದುರು ಬ್ಯಾಟುಗಾರರು ಧೈರ್ಯವಾಗಿ ಮುಂದೆ ಬಂದು ನಿಂತರು. ಅವನ ಚೆಂಡುಗಳನ್ನು ಬೇಲಿಯಾಚೆ ಕಳಿಸಿದರು. ಜುಲೈ ಹೊತ್ತಿಗೆ ಮೂರು ಗೆದ್ದು ಹನ್ನೊಂದು ಸೋತಿದ್ದ. ಸಂಬಳ ಮಾತ್ರ ಮುನ್ನೂರೈವತ್ತಾಗಿತ್ತು. ಪೆಟಿಗ್ರೂ ಬೆಂಚಿನ ಮೇಲೆ ತಲೆ ಚಚ್ಚಿಕೊಂಡ.

"ಅದೇ ತೋಳು, ಅದೇ ಚೆಂಡು. ಇವನಿಗೇನು ಬಂತು ರೋಗ?"

"ಲೆಮ್ ಇಲ್ಲ," ಎಂದೆ.

"ಯಾವ ಲೆಮ್? ಆ ಒಂಬತ್ತು ಗೆಲುವಿನವನಾ?"

ಅವನ ಗಂಟಲು ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಹಿಸುಕಿಬಿಡಬೇಕು ಅನ್ನಿಸಿತು. ಇನ್ನೂ ಎರಡು ತಿಂಗಳ ಸಂಬಳ ಬರುವುದಿತ್ತು. ನಾನು ಮುಖವಾಡ ಹಾಕಿಕೊಂಡು ಹೋಗಿ ನನ್ನ ಜಾಗದಲ್ಲಿ ಕುಕ್ಕರಿಸಿದೆ.